ಗೋಪಾಲಗೌಡರ ಓದುವ ಕೋಣೆಗೆ ಒಂದು ನೋಟು ಕೊಡಿ

ಆತ್ಮೀಯರೇ,

ನಮ್ಮ ಶಾಲೆಯ ಆಫೀಸಿನಲ್ಲಿ ಒಂದು ಹಳೇ ಕೊಳಗ ಇದೆ. ಊರಿನ ಹಿರಿಯರೊಬ್ಬರು ಅಟ್ಟದಿಂದ ಇಳಿಸಿ ಕೊಟ್ಟದ್ದು. ಅಂಚು ಸವೆದು ನುಣ್ಣಗಾಗಿದೆ. ಮೊನ್ನೆ ಏಳನೇ ಕ್ಲಾಸಿನ ಹುಡುಗಿ ಅದನ್ನು ಮುಟ್ಟಿ, "ಇದ್ರಲ್ಲಿ ಏನ್ ಇಡ್ತಾರೆ ಸಾರ್?" ಅಂದಳು. ಅವಳ ತಪ್ಪಲ್ಲ, ನಾವು ಹೇಳಿಕೊಟ್ಟಿಲ್ಲ.

ಇಂಥ ಕೊಳಗದಲ್ಲೇ ಗೇಣಿ ಭತ್ತ, ಅಂದರೆ ಬೇರೆಯವರ ಜಮೀನು ಉಳುವುದಕ್ಕೆ ಕೊಡಬೇಕಾದ ಭತ್ತ, ಅಳೆಯುತ್ತಿದ್ದರು. ಜಮೀನಿನ ಒಡೆಯರ ಕೊಳಗ ದೊಡ್ಡದಾದಷ್ಟೂ ಗೇಣಿದಾರನ ಮನೆಯಲ್ಲಿ ಅನ್ನ ಕಮ್ಮಿ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ರೈತರು ತಿರುಗಿ ನಿಂತದ್ದು ಈ ಅಳತೆಯ ಅನ್ಯಾಯಕ್ಕೇ. ಎಚ್. ಗಣಪತಿಯಪ್ಪನವರು ಕಟ್ಟಿದ ಆ ಹೋರಾಟಕ್ಕೆ ಹೆಗಲು ಕೊಟ್ಟವರು ನಮ್ಮ ತೀರ್ಥಹಳ್ಳಿ ತಾಲ್ಲೂಕಿನ ಆರಗದ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು. ದೇಶದ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಕೂಡ ಬಂದು ಬಂಧನಕ್ಕೆ ಒಳಗಾದರು.

ಮರುವರ್ಷ ಮೊದಲ ಚುನಾವಣೆ. ಗೌಡರಿಗೆ ಆಗ ಇನ್ನೂ ಮೂವತ್ತು ತುಂಬಿರಲಿಲ್ಲ, ಕೈಯಲ್ಲಿ ಕಾಸೂ ಇರಲಿಲ್ಲ. "ಒಂದು ಓಟು, ಒಂದು ನೋಟು" ಅಂತ ಜನರ ಮುಂದೆ ಹೋದರು ಅಂತ ಹಿರಿಯರು ಇವತ್ತಿಗೂ ನೆನೆಯುತ್ತಾರೆ. ಜನ ಗೆಲ್ಲಿಸಿದರು. 1957ರಲ್ಲಿ ಸೋತರು. 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಮತ್ತೆ ವಿಧಾನಸಭೆಗೆ ಹೋದರು. ಉಳುವವನಿಗೆ ಭೂಮಿ ಸಿಗಬೇಕು, ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾಗಬೇಕು ಅಂತ ಪಟ್ಟು ಹಿಡಿದರು. 1972ರ ಜೂನ್ 9ರಂದು ತೀರಿಕೊಂಡರು. ವಯಸ್ಸು 49. ರಾಜ್ಯದ ಹೆಸರು ಬದಲಾದದ್ದು 1973ರ ನವೆಂಬರ್ 1ಕ್ಕೆ, ಉಳುವವನಿಗೆ ಭೂಮಿ ಕೊಡುವ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ. ಎರಡನ್ನೂ ಅವರು ನೋಡಲಿಲ್ಲ ಅನ್ನೋದು ನೆನೆದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಅವರ ಹೆಸರಲ್ಲಿ ಮಕ್ಕಳಿಗೊಂದು ಓದುವ ಕೋಣೆ ಮಾಡಬೇಕು ಅಂತ ಹೊರಟಿದ್ದೇವೆ. ಪ್ರತಿಮೆ ಬೇಡ, ಅವರ ಮಾತು ಮಕ್ಕಳ ಕೈಗೆ ಸಿಗಲಿ. ಕೋಣೆ ಇದೆ, ಆದರೆ ಸೋರುತ್ತದೆ. ಮಳೆ ಹಿಡಿಯುವ ಮುಂಚೆ ಹಂಚು ಕೈಯಾಡಿಸಬೇಕು, ಪಕಾಸಿ ಬದಲಿಸಬೇಕು. ವಿಧಾನಸಭೆಯ ನಡವಳಿ ಪುಸ್ತಕಗಳಿಂದ ಗೌಡರ ಭಾಷಣಗಳನ್ನು ಜೆರಾಕ್ಸ್ ಮಾಡಿಸಿ ಬೈಂಡ್ ಹಾಕಿಸಬೇಕು. ಎರಡು ಕಪಾಟು, ನಾಲ್ಕು ಬೆಂಚು ಬೇಕು. ಕೊಳಗ ಅಲ್ಲೇ ಮೇಜಿನ ಮೇಲೆ ಇರುತ್ತದೆ, ಮಕ್ಕಳು ಮುಟ್ಟಿ ನೋಡುವ ಹಾಗೆ.

ನೂರು ರೂಪಾಯಿ ಕೊಟ್ಟರೂ ಸಂತೋಷ, ಜಾಸ್ತಿ ಕೊಟ್ಟರೆ ಇನ್ನೂ ಸಂತೋಷ. ಎಲ್ಲರಿಗೂ ರಸೀದಿ ಕೊಡುತ್ತೇವೆ, ಖರ್ಚಿನ ಲೆಕ್ಕವನ್ನು ಶಾಲೆಯ ಬೋರ್ಡಿನಲ್ಲಿ ಹಾಕುತ್ತೇವೆ. ಬೆಂಗಳೂರಲ್ಲೋ ಹೊರದೇಶದಲ್ಲೋ ಇರುವ ನಮ್ಮ ಹಳೇ ವಿದ್ಯಾರ್ಥಿಗಳೇ, ನಿಮ್ಮ ಅಜ್ಜನೂ ಗೇಣಿ ಅಳೆದುಕೊಟ್ಟವರೇ ಅಲ್ವಾ? ದುಡ್ಡು ಕೊಡಲು ಆಗದಿದ್ದರೆ ಮನೆಯಲ್ಲಿರುವ ಹಳೇ ಗೇಣಿ ಚೀಟಿ, ಫೋಟೋ ಇದ್ದರೆ ಕಳಿಸಿ. ಅದೂ ದೇಣಿಗೆಯೇ.