ಆ ಯಂತ್ರಕ್ಕೆ ವೇಗ ಗೊತ್ತಾಗುವುದಿಲ್ಲ

ಸಂಪಾದಕರಿಗೆ,

ಮಂಜು ಕವಿದು ವಿಮಾನಗಳು ತಡವಾದಾಗಲೆಲ್ಲ ‘ಆಟೋಪೈಲಟ್ ತಾನೇ ಇಳಿಸುತ್ತದಲ್ಲ, ಇವರಿಗೇನು ಕಷ್ಟ?’ ಎಂಬ ಮಾತು ಕೇಳಿಬರುತ್ತದೆ. ದೊಡ್ಡ ಜೆಟ್‌ಗಳ ವಿಷಯದಲ್ಲೇ ಅದು ಅರ್ಧ ನಿಜ. ಪೈಲಟ್ ಆಗಹೊರಟವರು ಕಲಿಯುವ ಸಣ್ಣ ವಿಮಾನದ ವಿಷಯದಲ್ಲಂತೂ ಅಪಾಯದ ಕಲ್ಪನೆ. ಡಿಜಿಟಲ್ ಪರದೆಗಳು ಬರುವ ಮೊದಲಿನ ಸೆಸ್ನಾ 172ಗಳಲ್ಲಿ ಸಾಮಾನ್ಯವಾಗಿರುವ ಕೆಎಪಿ 140 ಆಟೋಪೈಲಟ್ ಥ್ರಾಟಲ್ (ಎಂಜಿನ್ ಶಕ್ತಿಯ ಹಿಡಿ) ಮುಟ್ಟುವುದಿಲ್ಲ. ವಿಮಾನದ ವೇಗ ಎಷ್ಟೆಂಬುದೂ ಅದಕ್ಕೆ ಗೊತ್ತಾಗುವುದಿಲ್ಲ.

ಇದರಿಂದ ಆಗುವ ಅನಾಹುತ ಹೀಗೆ: ಕೆಳಗಿಳಿಯಲೆಂದು ಪವರ್ ತಗ್ಗಿಸಿರುತ್ತೀರಿ. 2,000 ಅಡಿಯಲ್ಲಿ, ಅದೇ ಎತ್ತರ ಕಾಯಲೆಂದು ಆಟೋಪೈಲಟ್‌ನ ಆಲ್ಟಿಟ್ಯೂಡ್ ಗುಂಡಿ ಒತ್ತುತ್ತೀರಿ, ಪವರ್ ಕೊಡಲು ಮರೆಯುತ್ತೀರಿ. ಎತ್ತರ ಉಳಿಸಿಕೊಳ್ಳಲು ಅದು ಮೂಗು ಎತ್ತುತ್ತ, ಆಟೋಟ್ರಿಮ್ ಇದ್ದರೆ ಟ್ರಿಮ್ಮನ್ನೂ (ಮೂಗನ್ನು ಒಂದೇ ಮಟ್ಟದಲ್ಲಿ ನಿಲ್ಲಿಸುವ ಹೊಂದಾಣಿಕೆ) ಹಿಂದಕ್ಕೆ ತಿರುಗಿಸುತ್ತ ಹೋಗುತ್ತದೆ. ಸ್ಟಾಲ್ ಆಗುವವರೆಗೂ, ಅಂದರೆ ರೆಕ್ಕೆ ವಿಮಾನವನ್ನು ಎತ್ತಿಹಿಡಿಯಲಾರದಾಗುವವರೆಗೂ ಬಿಡದು. ವರ್ಟಿಕಲ್ ಸ್ಪೀಡ್ (ಏರುವ ದರ ಕಾಯುವ ಮೋಡ್) ಹಾಕಿ ಏರುವಾಗಲೂ ಇದೇ ಕಥೆ. ಅದು ಕೆಲಸ ಮಾಡುತ್ತಿರುವಾಗ ಯೋಕ್ (ವಿಮಾನದ ಸ್ಟೀರಿಂಗ್) ಹಿಡಿದು ‘ಸಹಾಯ’ ಮಾಡಲೇಬಾರದು. ನೀವು ತಳ್ಳಿದಷ್ಟೂ ಅದು ಎದುರು ದಿಕ್ಕಿಗೆ ಟ್ರಿಮ್ ಓಡಿಸುತ್ತದೆ, ಆಟೋಪೈಲಟ್ ಕಳಚಿದ ಕ್ಷಣ ಮೂಗು ಚಿಮ್ಮುತ್ತದೆ.

ರನ್‌ವೇ ಬಳಿಯ ರೇಡಿಯೊ ಸಂಕೇತ ಹಿಡಿದು ಇಳಿಯುವ ಐಎಲ್ಎಸ್ ಅಪ್ರೋಚ್‌ನಲ್ಲಿ ಹೆಚ್ಚು ಜನ ಎಡವುವುದು ಹೆಡಿಂಗ್ ಬಗ್ (ಬೇಕಾದ ದಿಕ್ಕಿಗೆ ತಿರುಗಿಸಿಡುವ ಗುರುತು) ವಿಷಯದಲ್ಲಿ. ದಿಕ್ಕು, ಕೋರ್ಸ್ ಎರಡನ್ನೂ ಒಟ್ಟಿಗೆ ತೋರಿಸುವ ಎಚ್‌ಎಸ್‌ಐ ಇಲ್ಲದೆ ಬರೀ ಡೈರೆಕ್ಷನಲ್ ಗೈರೊ (ದಿಕ್ಕು ತೋರಿಸುವ ಗೈರೊ) ಇರುವ ವಿಮಾನದಲ್ಲಿ ರನ್‌ವೇ ಯಾವ ದಿಕ್ಕಿಗಿದೆ ಎಂದು ಆಟೋಪೈಲಟ್‌ಗೆ ತಿಳಿಯುವುದು ಆ ಬಗ್‌ನಿಂದಲೇ. ಬಗ್ ತೋರಿಸುವ ದಿಕ್ಕಿಗೆ ಹಾರಿಸುವ ಹೆಡಿಂಗ್ ಮೋಡ್‌ನಲ್ಲಿದ್ದು ಅಪ್ರೋಚ್ ಗುಂಡಿ ಒತ್ತಿದರೆ ಐದು ಸೆಕೆಂಡು ಹೆಡಿಂಗ್ ದೀಪ ಮಿನುಗುತ್ತದೆ. ಅಷ್ಟರಲ್ಲಿ ಬಗ್ಗನ್ನು ಲೋಕಲೈಜರ್ (ರನ್‌ವೇಯ ನೇರ ತೋರಿಸುವ ಸಂಕೇತ) ಕೋರ್ಸಿಗೆ ತಿರುಗಿಸಬೇಕು. ಆಗ ಅದು 45 ಡಿಗ್ರಿ ಕೋನದಲ್ಲಿ ಕೋರ್ಸ್ ಸೇರಲು ಹೊರಡುತ್ತದೆ. ರಾಡಾರ್ ನಿಯಂತ್ರಕರು ಕೊಟ್ಟ ದಿಕ್ಕಿನಲ್ಲೇ ಹೋಗಿ ಸೇರಬೇಕೆಂದರೆ ಮೊದಲು ರೆಕ್ಕೆ ಮಟ್ಟವಾಗಿಡುವ ರೋಲ್ ಮೋಡ್‌ಗೆ ಬಂದು, ಆಮೇಲೆ ಅಪ್ರೋಚ್ ಒತ್ತಿ, ಬಗ್ಗನ್ನು ಕೋರ್ಸಿಗಿಡಬೇಕು. ಈ ಕ್ರಮ ತಪ್ಪಿದರೆ ವಿಮಾನ ನೀವೆಣಿಸದ ಕಡೆಗೆ ಹೊರಳುತ್ತದೆ. ಯಂತ್ರ ಕೆಟ್ಟಿತೆಂದು ದೂರುವವರೇ ಹೆಚ್ಚು, ಕೆಟ್ಟಿರುವುದಿಲ್ಲ. ಗೈರೊ ಜಾರಿದ್ದರೂ ಕೋರ್ಸ್ ಓರೆಯಾಗುತ್ತದೆ, ಹಾಗಾಗಿ ಅಪ್ರೋಚ್‌ಗೆ ಮುನ್ನ ದಿಕ್ಸೂಚಿಗೆ ಹೋಲಿಸಿ ಸರಿಪಡಿಸಿಕೊಳ್ಳಿ.

ಇನ್ನೊಂದು, ಗಾರ್ಮಿನ್ 430 (ಜಿಪಿಎಸ್ ಮತ್ತು ರೇಡಿಯೊ ಸೇರಿದ ಉಪಕರಣ) ಇರುವಲ್ಲಿ ಸಿಡಿಐ ಗುಂಡಿ, ಅಂದರೆ ಕೋರ್ಸ್ ಸೂಜಿ ಯಾವ ಸಂಕೇತ ತೋರಿಸಬೇಕೆಂದು ಆರಿಸುವ ಗುಂಡಿ. ಅದು ಜಿಪಿಎಸ್‌ನಲ್ಲೇ ಉಳಿದಿದ್ದರೆ ಸೂಜಿ ನಡುವೆ ಚೆಂದವಾಗಿ ನಿಂತಿರುತ್ತದೆ, ಗ್ಲೈಡ್‌ಸ್ಲೋಪ್ (ಇಳಿಯುವ ಇಳಿಜಾರು ತೋರಿಸುವ ಸಂಕೇತ) ಮಾತ್ರ ಬರುವುದೇ ಇಲ್ಲ. ಗ್ಲೈಡ್‌ಸ್ಲೋಪನ್ನು ಮಟ್ಟ ಹಾರಾಟದಲ್ಲಿ ಕೆಳಗಿನಿಂದಲೇ ಹಿಡಿಯುವುದು ಒಳ್ಳೆಯದು, ಏಕೆಂದರೆ ಮೇಲುಗಡೆ ಸುಮಾರು 9 ಡಿಗ್ರಿಯಲ್ಲಿ ಸುಳ್ಳು ಸಂಕೇತ ಇರುತ್ತದೆ. ಗ್ರೌಂಡ್ ಸ್ಪೀಡನ್ನು (ನೆಲದ ಮೇಲಿನ ವೇಗ, ನಾಟ್‌ಗಳಲ್ಲಿ) 5ರಿಂದ ಗುಣಿಸಿದರೆ ನಿಮಿಷಕ್ಕೆ ಎಷ್ಟಡಿ ಇಳಿಯಬೇಕೆಂದು ಸಿಗುತ್ತದೆ. 90 ನಾಟ್‌ಗೆ 450. ಇಳಿಕೆಯ ದರದ ಮೀಟರ್ 900 ತೋರಿಸಿದರೆ ಕಾರಣ ಹುಡುಕುತ್ತ ಕೂರಬೇಡಿ, ಕಳಚಿ ಕೈಯಿಂದ ಹಾರಿಸಿ.

ಎಸ್‌-ಟೆಕ್ 30 ಎಂಬ ಇನ್ನೊಂದು ಆಟೋಪೈಲಟ್ ಇನ್ನೂ ಸರಳ. ಅದಕ್ಕೆ ಗ್ಲೈಡ್‌ಸ್ಲೋಪ್ ಗೊತ್ತೇ ಇಲ್ಲ. ಲೋಕಲೈಜರನ್ನು ಹೈ ಟ್ರ್ಯಾಕ್‌ಗೆ (ಸೂಜಿಯನ್ನು ಬಿಗಿಯಾಗಿ ಹಿಂಬಾಲಿಸುವ ಮೋಡ್) ಬಿಟ್ಟು, ಇಳಿಯುವ ಜಾಗದಲ್ಲಿ ಆಲ್ಟಿಟ್ಯೂಡ್ ಹೋಲ್ಡ್ ತೆಗೆದು ಪಿಚ್ (ಮೂಗಿನ ಏರಿಳಿತ) ಮತ್ತು ಪವರ್ ನೀವೇ ನೋಡಿಕೊಳ್ಳಬೇಕು. ಅರ್ಧ ಕೆಲಸ ತಾನೇ ಎಂದು ಇದನ್ನು ಹಗುರವಾಗಿ ಕಾಣುವವರಿದ್ದಾರೆ. ಮೋಡದೊಳಗೆ ಒಬ್ಬರೇ ಕೂತು ಚಾರ್ಟ್ ಓದುತ್ತ ರೇಡಿಯೊದಲ್ಲಿ ಉತ್ತರಿಸುವಾಗ ರೆಕ್ಕೆ ಮಟ್ಟವಾಗಿರುವುದೇ ದೊಡ್ಡ ಉಪಕಾರ. ಎರಡೂ ಯಂತ್ರಗಳು ರೋಲ್ (ರೆಕ್ಕೆ ವಾಲುವುದು) ಅರಿಯುವುದು ವಿದ್ಯುತ್ತಿನಿಂದ ನಡೆಯುವ, ತಿರುವು ತೋರಿಸುವ ಟರ್ನ್ ಕೋಆರ್ಡಿನೇಟರ್‌ನಿಂದ. ಗಾಳಿ ಎಳೆದು ಗೈರೊಗಳನ್ನು ತಿರುಗಿಸುವ ವ್ಯಾಕ್ಯೂಮ್ ಪಂಪ್ ಸತ್ತರೂ ರೆಕ್ಕೆ ಮಟ್ಟವಾಗಿಡುತ್ತವೆ. ಆದರೆ ಆಗ ವ್ಯಾಕ್ಯೂಮ್‌ನಿಂದ ನಡೆಯುವ ಗೈರೊವನ್ನು ನಂಬುವ ಹೆಡಿಂಗ್ ಮೋಡ್ ಬಳಸಬಾರದು.

ಅಮೆರಿಕದ ಇನ್‌ಸ್ಟ್ರುಮೆಂಟ್ ರೇಟಿಂಗ್ (ಹೊರಗೆ ಕಾಣದಾಗ ಉಪಕರಣ ನೋಡಿ ಹಾರಿಸುವ ಅರ್ಹತೆ) ಪರೀಕ್ಷೆಯಲ್ಲಿ, ವಿಮಾನದಲ್ಲಿ ಆಟೋಪೈಲಟ್ ಇದ್ದರೆ ಅದನ್ನು ಬಳಸಿ ತೋರಿಸಬೇಕು. ತರಬೇತಿ ಶಾಲೆಗಳೆಲ್ಲ ಇದನ್ನು ಕೊನೆಯ ದಿನದ ಆಟಿಕೆಯಾಗಿ ನೋಡದೆ ಮೊದಲ ಅಪ್ರೋಚ್ ಪಾಠದಿಂದಲೇ ಕಲಿಸಲಿ. ಎಂಜಿನ್ ಶುರು ಮಾಡುವ ಮುನ್ನ ಅದನ್ನು ಕಳಚುವ ದಾರಿಗಳನ್ನು ಶಿಷ್ಯ ಮುಟ್ಟಿ ತೋರಿಸಬೇಕು: ಯೋಕ್ ಮೇಲಿನ ಕೆಂಪು ಗುಂಡಿ, ಪ್ಯಾನಲ್‌ನ ಎಪಿ ಗುಂಡಿ, ಎಲೆಕ್ಟ್ರಿಕ್ ಟ್ರಿಮ್ ಸ್ವಿಚ್, ಕೊನೆಗೆ ಸರ್ಕ್ಯೂಟ್ ಬ್ರೇಕರ್. ಕೆಎಪಿ 140ನ್ನು ಅಪ್ರೋಚ್‌ನಲ್ಲಿ ನೆಲದಿಂದ 200 ಅಡಿಗಿಂತ ಕೆಳಗೆ ಬಳಸುವಂತಿಲ್ಲ. ರನ್‌ವೇ ಕಾಣದಿದ್ದರೆ ಮೊದಲು ಕಳಚಿ, ಪೂರ್ತಿ ಪವರ್ ಕೊಟ್ಟು, ಮೇಲೇಳಲು ಹವಣಿಸುವ ಮೂಗನ್ನು ಒತ್ತಿಹಿಡಿದು ಏರಬೇಕು. ಏರಿಕೆ ಸ್ಥಿರವಾದ ಮೇಲಷ್ಟೇ ಮತ್ತೆ ಹಾಕಬೇಕು, ಏಕೆಂದರೆ ಹಾಕಿದ ಕ್ಷಣದ ಏರಿಳಿತದ ದರವನ್ನೇ ಅದು ಹಿಡಿದುಕೊಳ್ಳುತ್ತದೆ.

– ಹಾರಾಟ ಬೋಧಕ, ಬೆಂಗಳೂರು