ಉಕ್ಕು ಆಮೇಲೆ, ಮೊದಲು ಅಲಗಿನ ದಪ್ಪ ನೋಡಿ

ಮಾನ್ಯ ಸಂಪಾದಕರೇ,

ಜೇಬಿನಲ್ಲಿಟ್ಟುಕೊಳ್ಳಲು ಮಡಚುವ ಚಾಕು ಕೊಳ್ಳುವವರು ಮೊದಲು ಕೇಳುವುದೇ ‘ಯಾವ ಉಕ್ಕು?’ ಎಂದು. ದಿನಬಳಕೆಗೆ ಅದಕ್ಕಿಂತ ಮುಖ್ಯವಾದದ್ದು ಅಲಗಿನ ದಪ್ಪ. ನಾವು ಕೊಯ್ಯುವುದು ಹಗ್ಗ, ರಟ್ಟು, ಪ್ಲಾಸ್ಟಿಕ್ ಪಟ್ಟಿ, ಹಣ್ಣು, ಇಷ್ಟೇ ತಾನೆ? ಬೆನ್ನು 2ರಿಂದ 2.5 ಮಿ.ಮೀ. ಇದ್ದು, ಬಾಯಿಯವರೆಗೂ ತೆಳುವಾಗುತ್ತ ಬಂದ ಅಲಗು ಸೇಬಿನಲ್ಲಿ ಸಲೀಸಾಗಿ ಇಳಿಯುತ್ತದೆ. 4 ಮಿ.ಮೀ. ದಪ್ಪದ್ದು ಎಷ್ಟೇ ಸಾಣೆ ಹಿಡಿದರೂ ಅರ್ಧಕ್ಕೆ ಬೆಣೆಯಂತೆ ಸಿಕ್ಕಿಕೊಂಡು ಹಣ್ಣನ್ನು ಟಪ್ಪೆಂದು ಸೀಳುತ್ತದೆ. ದಪ್ಪನೆಯದು ಗಟ್ಟಿ, ನಿಜ. ಆದರೆ ಮೀಟುವ ಕೆಲಸಕ್ಕೆ ಸ್ಕ್ರೂಡ್ರೈವರ್ ಇದೆಯಲ್ಲ! ಉದ್ದ 7-8 ಸೆಂ.ಮೀ. ಧಾರಾಳ.

ತೆರೆದ ಅಲಗು ಮಡಚಿಕೊಳ್ಳದಂತೆ ತಡೆಯುವ ಲಾಕ್ ವಿಷಯದಲ್ಲಿ ಮಾತ್ರ ಆತುರ ಬೇಡ. ಲಾಕ್ ಇಲ್ಲದೆ ಬರೀ ಸ್ಪ್ರಿಂಗ್ ಬಿಗಿತದಲ್ಲಿ ನಿಲ್ಲುವ ಚಾಕು ಕೊಯ್ಯಲು ಸಾಕು. ಚುಚ್ಚಿ ತೂತು ಮಾಡಲು ಹೋದರೆ ಬೆರಳ ಮೇಲೇ ಮಡಚಿಕೊಳ್ಳುತ್ತದೆ. ಲೈನರ್ ಲಾಕ್‌ನಲ್ಲಿ ಹಿಡಿಯೊಳಗಿನ ತೆಳು ಲೋಹದ ಪಟ್ಟಿ ಸರಿದು ಬಂದು ಅಲಗಿನ ಬುಡಕ್ಕೆ ಅಡ್ಡ ನಿಲ್ಲುತ್ತದೆ. ಅಲಗನ್ನು ಪೂರ್ತಿ ತೆರೆದು ಹಿಡಿಯೊಳಗೆ ಇಣುಕಿ ನೋಡಿ: ಹೊಸ ಚಾಕುವಿನಲ್ಲಿ ಪಟ್ಟಿ ಬುಡದ ದಪ್ಪದ ಕಾಲು ಭಾಗದಿಂದ ಅರ್ಧದವರೆಗೆ ಬಂದಿರಬೇಕು. ತುದಿಗಷ್ಟೇ ತಾಗಿದ್ದರೆ ಜಾರುವ ಭಯ. ಆಚೆ ಬದಿಗೇ ಮುಟ್ಟಿದ್ದರೆ ಮುಂದೆ ಸವೆತ ಸರಿದೂಗಿಸಲು ಜಾಗವೇ ಇಲ್ಲ. ಬೆರಳುಗಳನ್ನು ಅಲಗಿನ ದಾರಿಯಿಂದ ದೂರವಿಟ್ಟು ಬೆನ್ನನ್ನು ಮೇಜಿನ ಅಂಚಿಗೆ ಮೆಲ್ಲಗೆ ಒತ್ತಿ, ಬಡಿಯಬೇಡಿ. ಲಾಕ್ ಸಡಿಲಿದರೆ ಆ ಚಾಕು ಬೇಡ. ಅಲಗು ಅಕ್ಕಪಕ್ಕ ಅಲ್ಲಾಡಿದರೆ ಕೀಲಿನ ಸ್ಕ್ರೂ ಸ್ವಲ್ಪವೇ ತಿರುವಿದರೆ ಸಾಕು. ಜಾಸ್ತಿ ಬಿಗಿದರೆ ಅಲಗು ತೆರೆಯಲು ಕಷ್ಟ. ಮೇಲೆ ಕೆಳಗೆ ಅಲ್ಲಾಡಿದರೆ ಸಾಮಾನ್ಯವಾಗಿ ಅದು ಲಾಕ್‌ನದೇ ದೋಷ, ಸ್ಕ್ರೂ ಬಿಗಿದು ಪ್ರಯೋಜನವಿಲ್ಲ. ಮಡಚಿದಾಗ ಮೊನೆ ಹಿಡಿಯೊಳಗೆ ಪೂರ್ತಿ ಮುಳುಗಿದೆಯೇ ಎಂಬುದನ್ನೂ ಬೆರಳಾಡಿಸಿ ನೋಡಬೇಕು.

ಉಕ್ಕಿನ ಬಗ್ಗೆ ಹೇಳುವುದು ಹೆಚ್ಚಿಲ್ಲ. ಕಾರ್ಬನ್ ಉಕ್ಕು ಬೇಗ ಹರಿತವಾಗುತ್ತದೆ, ನಿಂಬೆ ಕೊಯ್ದು ಒರೆಸದೆ ಬಿಟ್ಟರೆ ಕಪ್ಪಾಗುತ್ತದೆ. ಗಡಸುತನ ರಾಕ್‌ವೆಲ್ ಎಂಬ ಅಳತೆಯಲ್ಲಿ (ಅಂಕಿ ಹೆಚ್ಚಿದಷ್ಟೂ ಉಕ್ಕು ಗಡಸು) 56ರಿಂದ 58 ಇರುವ ಸ್ಟೇನ್‌ಲೆಸ್ ಅಲಗನ್ನು ಸಾಧಾರಣ ಸಾಣೆಕಲ್ಲಿನಲ್ಲೇ, ಒಂದೊಂದು ಬದಿಗೆ ಸುಮಾರು 20 ಡಿಗ್ರಿ ಓರೆ ಹಿಡಿದು ಉಜ್ಜಬಹುದು. 60 ದಾಟಿದ ಉಕ್ಕಿನಲ್ಲಿ ಹರಿತ ಹೆಚ್ಚು ದಿನ ನಿಲ್ಲಬಹುದು, ಆದರೆ ಒಮ್ಮೆ ಮೊಂಡಾದರೆ ಉಜ್ಜುವವರ ತಾಳ್ಮೆ ಪರೀಕ್ಷಿಸುತ್ತದೆ.

ವಿಮಾನ ಹತ್ತುವಾಗ ಕೈಚೀಲದಲ್ಲಿ ಚಾಕು ಉಳಿದುಬಿಟ್ಟೀತು, ಜೋಕೆ. ಚಾಕು ಒಯ್ಯುವ ಕಾನೂನೂ ಒಂದೊಂದು ದೇಶದಲ್ಲಿ ಒಂದೊಂದು ಥರ.

ಇನ್ನೊಂದು ಮಾತು. ಹೊಸದರಲ್ಲಿ ಸರಿಯಿದ್ದ ಲಾಕ್ ಕೆಲವು ತಿಂಗಳಿಗೆ ಅರೆಬರೆ ಕೂರತೊಡಗಿದರೆ, ಕೆಟ್ಟೇಹೋಯಿತೆಂದು ಎಸೆಯುವ ಮೊದಲು ಒಳಗೆ ಬೆಳಕು ಬಿಟ್ಟು ನೋಡಿ. ಬಹಳ ಸಲ ಅಲ್ಲಿ ಕೂತಿರುವುದು ಜೇಬಿನ ನೂಲಿನ ಜುಂಗು. ಹಲ್ಲುಕಡ್ಡಿಯಿಂದ ಅದನ್ನು ತೆಗೆದು, ಕೀಲಿಗೆ ಒಂದೇ ತೊಟ್ಟು ಎಣ್ಣೆ ಬಿಡಿ. ಹೆಚ್ಚಾದರೆ ಎಣ್ಣೆಯೇ ಧೂಳು ಹಿಡಿಯುತ್ತದೆ.

– ಒಬ್ಬ ಓದುಗ