ನೆಟ್‌ವರ್ಕ್ ಪ್ರಯೋಗಾಲಯಕ್ಕೆ ಮೌಸ್ ಒಂದೇ ಸಾಲದು

ಮಾನ್ಯ ಸಂಪಾದಕರೇ,

ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಎಂಜಿನಿಯರಿಂಗ್ ಕಾಲೇಜುಗಳಿಂದ ಇಂಟರ್ನ್‌ಶಿಪ್‌ಗೆಂದು ನಮ್ಮ ಕಚೇರಿಗೆ ಬರುವ ವಿದ್ಯಾರ್ಥಿಗಳು ಓದಿನಲ್ಲಿ ಹಿಂದುಳಿದವರಲ್ಲ. ಓಎಸ್‌ಪಿಎಫ್ ಎಂಬ ರೂಟಿಂಗ್ ನಿಯಮಾವಳಿ ಯಾವ ಲೆಕ್ಕದಲ್ಲಿ ದಾರಿ ಆರಿಸುತ್ತದೆ ಎಂದು ಕೇಳಿದರೆ ಹಲಗೆಯ ಮೇಲೆ ಬಿಡಿಸಿ ಹೇಳುತ್ತಾರೆ. ಕಂಪ್ಯೂಟರಿನೊಳಗೇ ಜಾಲ ಕಟ್ಟಿ ಓಡಿಸುವ ಜಿಎನ್‌ಎಸ್3 ಎಂಬ ಎಮ್ಯುಲೇಟರ್ ತೆರೆದು ಕೊಟ್ಟರೆ ರೂಟರ್, ಸ್ವಿಚ್‌ಗಳನ್ನು ಎಳೆದು ತಂದು ಪುಟ್ಟದೊಂದು ಜಾಲವನ್ನು ಕಟ್ಟಿಯೂ ತೋರಿಸುತ್ತಾರೆ. ಆದರೆ ಅದೇ ಜಾಲವನ್ನು, ವಿಳಾಸಗಳನ್ನಷ್ಟೇ ಬದಲಿಸಿ, ಇನ್ನೂ ಐದು ಪ್ರತಿ ಕಟ್ಟಿ ಎಂದರೆ ಮೌಸ್ ಹಿಡಿದು ಮೊದಲಿನಿಂದ ಶುರು ಮಾಡುತ್ತಾರೆ. ಆ ಎಮ್ಯುಲೇಟರ್‌ಗೆ ಪ್ರೋಗ್ರಾಮಿಂಗ್ ಇಂಟರ್ಫೇಸ್ (ಎಪಿಐ) ಒಂದಿದೆ, ಸ್ವಲ್ಪ ಪೈಥಾನ್ ಬರೆದರೆ ಈ ಕೆಲಸವೆಲ್ಲ ತಾನಾಗಿ ನಡೆಯುತ್ತದೆ ಎಂಬುದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ. ನಮ್ಮ ಭಾಗದ ನೆಟ್‌ವರ್ಕ್ ಪ್ರಯೋಗಾಲಯಗಳಲ್ಲಿ ಈ ಎಪಿಐಗೆ ಜಾಗ ಸಿಗಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕ್ ಪ್ರಯೋಗಗಳಲ್ಲಿ ಪ್ರೋಗ್ರಾಮಿಂಗ್ ಇಲ್ಲವೆಂದು ನಾನು ಹೇಳುತ್ತಿಲ್ಲ. ಮೂರು ನೋಡ್‌ಗಳ (ಜಾಲದ ಯಂತ್ರಗಳ) ನಡುವೆ ಎರಡೂ ಕಡೆ ಸಾಗುವ ಡ್ಯೂಪ್ಲೆಕ್ಸ್ ಲಿಂಕ್ ಹಾಕಿ ಬ್ಯಾಂಡ್‌ವಿಡ್ತ್ ಬದಲಿಸುತ್ತ ಎಷ್ಟು ಪ್ಯಾಕೆಟ್ ಬಿದ್ದುಹೋದವೆಂದು ಎಣಿಸುವ ಪ್ರಯೋಗವನ್ನೂ, ಆರು ನೋಡ್‌ಗಳ ಪಿಂಗ್ (ಉತ್ತರ ಬರುತ್ತದೆಯೇ ಎಂದು ನೋಡುವ) ಪ್ರಯೋಗವನ್ನೂ ಮಾಡದೆ ಇಲ್ಲಿ ಯಾರೂ ಕಂಪ್ಯೂಟರ್ ಸೈನ್ಸ್ ಪದವಿ ಪಡೆದಿರಲಾರರು. ಆದರೆ ಅವು ಎನ್‌ಎಸ್ ಸಿಮ್ಯುಲೇಟರ್‌ನಲ್ಲಿ ನಡೆಯುವಂಥವು. ಅಲ್ಲಿ ಕಾಲವೂ ಲೆಕ್ಕದ್ದು, ರೂಟರೂ ಲೆಕ್ಕದ್ದು. ಹತ್ತು ಸೆಕೆಂಡಿನ ಸಂಚಾರವನ್ನು ಅದು ಕಣ್ಣುಮಿಟುಕಿಸುವಷ್ಟರಲ್ಲಿ ಲೆಕ್ಕ ಹಾಕಿ ಮುಗಿಸಬಹುದು. ಎಮ್ಯುಲೇಟರ್‌ನಲ್ಲಾದರೆ ನಿಜವಾದ ರೂಟರ್ ತಂತ್ರಾಂಶವೇ ಓಡುತ್ತದೆ, ಗಡಿಯಾರ ಗೋಡೆಯ ಮೇಲಿನದ್ದೇ ಆಗಿರುತ್ತದೆ, ಹೊರಡುವ ಪ್ಯಾಕೆಟ್ಟು ಮೇಜಿನ ಮೇಲಿರುವ ನಿಜವಾದ ಕಂಪ್ಯೂಟರನ್ನೂ ತಲುಪಬಲ್ಲದು. 2005ರಲ್ಲಿ ಕ್ರಿಸ್ಟೋಫ್ ಫಿಲೋ ಅವರು ಸಿಸ್ಕೊ 7200 ಸರಣಿಯ ರೂಟರನ್ನು ಸಾಮಾನ್ಯ ಪಿಸಿಯಲ್ಲಿ ಓಡಿಸುವ ಡೈನಮಿಪ್ಸ್ ಬರೆಯತೊಡಗಿದರು. ಜೆರೆಮಿ ಗ್ರಾಸ್‌ಮನ್ ಅವರ ಜಿಎನ್‌ಎಸ್3 ಅದರ ಮೇಲೆ ಬೆಳೆಯಿತು. 2010ರಲ್ಲಿ ಬಾಬ್ ಲಾಂಟ್ಜ್, ಬ್ರ್ಯಾಂಡನ್ ಹೆಲ್ಲರ್, ನಿಕ್ ಮೆಕಿಯೋನ್ ಅವರು ಪ್ರಕಟಿಸಿದ ಮಿನಿನೆಟ್ ಬೇರೆಯೇ ದಾರಿ ಹಿಡಿದು, ಲಿನಕ್ಸ್ ಕರ್ನೆಲ್‌ನ ನೆಟ್‌ವರ್ಕ್ ನೇಮ್‌ಸ್ಪೇಸ್‌ಗಳನ್ನು (ಒಂದೇ ಯಂತ್ರದೊಳಗಿನ ಪ್ರತ್ಯೇಕ ಜಾಲ ಕೋಣೆಗಳನ್ನು) ಬಳಸಿ ಒಂದೇ ಲ್ಯಾಪ್‌ಟಾಪಿನಲ್ಲಿ ಇಡೀ ಜಾಲವನ್ನು ಕೂರಿಸಿತು, ಅದೂ ಪೈಥಾನ್ ಮೂಲಕವೇ.

ಎಪಿಐ ಎಂದೊಡನೆ ನಮ್ಮ ಅಧ್ಯಾಪಕರಲ್ಲಿ ಹಲವರು ಅದು ಮುಂದುವರಿದವರ ಆಟವೆಂದು ಭಾವಿಸುತ್ತಾರೆ. ವಾಸ್ತವ ಹಾಗಿಲ್ಲ. ಜಿಎನ್‌ಎಸ್3ರ ಎರಡನೆಯ ಆವೃತ್ತಿಯಲ್ಲಿ, ವಿದ್ಯಾರ್ಥಿ ನೋಡುವ ಕಿಟಕಿ ಒಂದು ಕಡೆ, ಜಾಲವನ್ನು ನಡೆಸುವ ಸರ್ವರ್ ಇನ್ನೊಂದು ಕಡೆ ಇದ್ದು, ರೂಟರೊಂದನ್ನು ಎಳೆದು ಕಿಟಕಿಯೊಳಗೆ ಬಿಟ್ಟ ಕೂಡಲೇ 3080ನೆಯ ಪೋರ್ಟಿನಲ್ಲಿ ಕಾಯುತ್ತಿರುವ ಸರ್ವರಿಗೆ ಒಂದು ಎಚ್‌ಟಿಟಿಪಿ ಕೋರಿಕೆ ಹೋಗುತ್ತದೆ. ಮೌಸ್ ಮಾಡುವುದನ್ನೇ ಎಚ್‌ಟಿಟಿಪಿ ಕೋರಿಕೆ ಕಳಿಸುವ ಕರ್ಲ್ ಆದೇಶವೂ ಮಾಡಬಲ್ಲದು, ಪೈಥಾನೂ ಮಾಡಬಲ್ಲದು. ಪ್ರಾಜೆಕ್ಟ್ಸ್ ಎಂಬ ವಿಳಾಸಕ್ಕೆ ಹೆಸರೊಂದನ್ನು ಜೇಸನ್ ಎಂಬ ಪಠ್ಯ ರೂಪದಲ್ಲಿ ಪೋಸ್ಟ್ ಮಾಡಿದರೆ, ಸರ್ವರ್ 201 (ಸೃಷ್ಟಿಯಾಯಿತು) ಎಂಬ ಸಂಕೇತದೊಡನೆ, 36 ಅಕ್ಷರಗಳ ಉದ್ದನೆಯ ಗುರುತಿನ ಸಂಖ್ಯೆಯನ್ನು ಹಿಂದಿರುಗಿಸುತ್ತದೆ. ಆ ಸಂಖ್ಯೆಯನ್ನು ಹಿಡಿದುಕೊಂಡು ನೋಡ್‌ಗಳನ್ನು ಸೃಷ್ಟಿಸಬೇಕು. ಪ್ರತಿ ನೋಡಿಗೂ ಅಂಥದೇ ಒಂದು ಸಂಖ್ಯೆ ಬರುತ್ತದೆ. ಲಿಂಕ್ ಹಾಕುವಾಗ ಎರಡು ತುದಿಗಳ ನೋಡ್ ಸಂಖ್ಯೆ, ಅಡಾಪ್ಟರ್ ಸಂಖ್ಯೆ, ಪೋರ್ಟ್ ಸಂಖ್ಯೆ ಮೂರನ್ನೂ ಹೇಳಬೇಕು. ಕಿಟಕಿಯಲ್ಲಿ ತಂತಿ ಎಳೆಯುವಾಗ ಯಾವ ಪೋರ್ಟಿಗೆ ಸಿಕ್ಕಿಸಿದೆವು ಎಂಬುದನ್ನು ಮರೆಯುವ ಹುಡುಗರು ಇಲ್ಲಿ ಮರೆಯುವ ಹಾಗೆಯೇ ಇಲ್ಲ, ಏಕೆಂದರೆ ಅದನ್ನು ಬರೆಯದೆ ತಂತಿಯೇ ಬೀಳುವುದಿಲ್ಲ. ಇದೊಂದೇ ಕಾರಣಕ್ಕಾದರೂ ಮೊದಲ ಪ್ರಯೋಗವನ್ನು ಎಪಿಐ ಮೂಲಕ ಮಾಡಿಸಬೇಕೆಂಬುದು ನನ್ನ ಅಭಿಪ್ರಾಯ.

ಪ್ರಾಜೆಕ್ಟನ್ನು ಎಕ್ಸ್‌ಪೋರ್ಟ್ ಮಾಡಿ ಎಲ್ಲ ಕಂಪ್ಯೂಟರುಗಳಿಗೆ ಹಂಚಿದರೆ ಸಾಲದೇ ಎಂಬ ಪ್ರಶ್ನೆ ಏಳಬಹುದು. ಹಂಚಬಹುದು, ಆದರೆ ಎಲ್ಲರಿಗೂ ಒಂದೇ ಜಾಲ ಸಿಕ್ಕಾಗ ಎಲ್ಲರ ರೆಕಾರ್ಡಿನಲ್ಲೂ ಒಂದೇ ಉತ್ತರ ಇರುತ್ತದೆ. ಅದು ಯಾರದೆಂದು ಪರೀಕ್ಷಕರು ಕಂಡುಹಿಡಿಯುವುದು ಹೇಗೆ? ಸ್ಕ್ರಿಪ್ಟ್ ಆದರೆ ವಿದ್ಯಾರ್ಥಿಯ ಯುಎಸ್‌ಎನ್‌ನ (ವಿಶ್ವವಿದ್ಯಾಲಯ ಕೊಡುವ ನೋಂದಣಿ ಸಂಖ್ಯೆಯ) ಕೊನೆಯ ಮೂರು ಅಂಕಿಗಳನ್ನು ತೆಗೆದುಕೊಂಡು ಅವರವರಿಗೇ ಆದ ಸಬ್‌ನೆಟ್ (ವಿಳಾಸಗಳ ಗುಂಪು) ಹಂಚುತ್ತದೆ: 047ಕ್ಕೆ 10.47ರಿಂದ ಶುರುವಾಗುವ ವಿಳಾಸಗಳು, 052ಕ್ಕೆ 10.52ರಿಂದ, ಹೀಗೆ. ಡಿಪ್ಲೊಮಾ ಮುಗಿಸಿ ಎರಡನೆಯ ವರ್ಷಕ್ಕೆ ಸೇರಿದವರ ಸಂಖ್ಯೆ ಮಾತ್ರ 400ರಿಂದ ಶುರುವಾಗುವುದರಿಂದ, ಐಪಿ ವಿಳಾಸದ ಒಂದು ಭಾಗ 255ನ್ನು ಮೀರಲಾಗದು ಎಂಬುದನ್ನು ನೆನಪಿಟ್ಟು 200 ಕಳೆಯಬೇಕಾಗುತ್ತದೆ. ಆ ಒಂದು ಸಾಲನ್ನು ಏಕೆ ಬರೆದಿದೆ ಎಂದು ವೈವಾದಲ್ಲಿ ಕೇಳಿದರೆ, ವಿದ್ಯಾರ್ಥಿಗೆ ವಿಷಯ ಎಷ್ಟು ಗೊತ್ತಿದೆ ಎಂಬುದು ತಿಳಿದುಹೋಗುತ್ತದೆ. ಯಾವ ಲಿಂಕನ್ನು ಕೆಡಿಸಬೇಕು, ಯಾವ ಗೇಟ್‌ವೇ ವಿಳಾಸವನ್ನು ತಪ್ಪಾಗಿ ಇಡಬೇಕು ಎಂಬುದನ್ನೂ ಅದೇ ಸಂಖ್ಯೆಯಿಂದ ನಿರ್ಧರಿಸಿದರೆ ಒಬ್ಬರ ದೋಷ ಪಕ್ಕದವರಿಗೆ ಇರುವುದಿಲ್ಲ. ಕೊನೆಗೆ ಪ್ರತಿ ಜಾಲದ ನೋಡ್‌ಗಳ ಕನ್ಸೋಲಿಗೆ (ಆದೇಶ ಬರೆಯುವ ಪರದೆಗೆ) ಟೆಲ್ನೆಟ್ ಮೂಲಕ ಹೋಗಿ ಪಿಂಗ್ ಮಾಡಿ ಉತ್ತರ ಬಂತೇ ಇಲ್ಲವೇ ಎಂದು ಪಟ್ಟಿ ಮಾಡುವ ಕೆಲಸವನ್ನೂ ಸ್ಕ್ರಿಪ್ಟಿಗೇ ಬಿಟ್ಟರೆ, ಅಧ್ಯಾಪಕರಿಗೆ ವಿದ್ಯಾರ್ಥಿಯೊಡನೆ ಮಾತನಾಡಲು ಸಮಯ ಉಳಿಯುತ್ತದೆ.

ನಮ್ಮ ಸಹಕಾರ ಸಂಘಕ್ಕೆ ಹರಿಹರ, ಹೊನ್ನಾಳಿ, ಚನ್ನಗಿರಿ, ಜಗಳೂರುಗಳಲ್ಲಿ ಶಾಖೆಗಳಿದ್ದು, ಅಲ್ಲಿನ ಜಾಲದ ನಿರ್ವಹಣೆ ನನ್ನ ಹೊಣೆ. ಜಗಳೂರು ಶಾಖೆಯಲ್ಲಿ ಪಾಸ್‌ಬುಕ್ ಮುದ್ರಣ ನಿಧಾನವಾದಾಗ ಎಲ್ಲರೂ ಲೈನ್ ಕೊಟ್ಟ ಸಂಸ್ಥೆಯನ್ನು ಬೈಯುತ್ತಿದ್ದರು. ಆ ಶಾಖೆಯ ಜಾಲವನ್ನು ಎಮ್ಯುಲೇಟರ್‌ನಲ್ಲಿ ಕಟ್ಟಿ, ಪ್ಯಾಕೆಟ್ ಹೋಗಿಬರುವ ಸಮಯ 200 ಮಿಲಿಸೆಕೆಂಡ್ ಆಗುವಂತೆ ಲಿಂಕಿಗೆ ವಿಳಂಬದ ಫಿಲ್ಟರ್ ಹಾಕಿ ನೋಡಿದಾಗ ಕಂಡದ್ದೇ ಬೇರೆ: ಮುದ್ರಣದ ತಂತ್ರಾಂಶ ಒಂದೊಂದು ನಮೂದಿಗೂ ಸರ್ವರನ್ನು ಬೇರೆಬೇರೆಯಾಗಿ ಕೇಳುತ್ತಿತ್ತು, ಹಿಂದಿನದಕ್ಕೆ ಉತ್ತರ ಬರುವವರೆಗೆ ಮುಂದಿನದನ್ನು ಕೇಳುತ್ತಿರಲಿಲ್ಲ. ಐವತ್ತು ನಮೂದಿರುವ ಖಾತೆಗೆ ಕಾಯುವುದಕ್ಕೇ ಹತ್ತು ಸೆಕೆಂಡ್ ಬೇಕು. ಒಂದು ಮಿಲಿಸೆಕೆಂಡಿನಲ್ಲಿ ಉತ್ತರ ಬರುವ ಕೇಂದ್ರ ಕಚೇರಿಯ ಕೇಬಲ್ ಮೇಲೆ ಅದೇ ತಂತ್ರಾಂಶ ಚುರುಕಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಬ್ಯಾಂಡ್‌ವಿಡ್ತ್ ಎಷ್ಟು ಹೆಚ್ಚಿಸಿದರೂ ಈ ಕಾಯುವಿಕೆ ತಗ್ಗುವಂಥದ್ದಲ್ಲ. ವಿಳಂಬವನ್ನು ಕಿಟಕಿಯಲ್ಲಿ ಒಮ್ಮೆ ಇಟ್ಟು ನೋಡುವುದು ಸುಲಭ. ಆದರೆ 20ರಿಂದ 400 ಮಿಲಿಸೆಕೆಂಡ್‌ವರೆಗೆ ಹಂತಹಂತವಾಗಿ ಏರಿಸುತ್ತ, ಪ್ರತಿ ಹಂತದಲ್ಲೂ ಮುದ್ರಣಕ್ಕೆ ಹಿಡಿದ ಸಮಯವನ್ನು ದಾಖಲಿಸುತ್ತ, ಅದನ್ನೇ ಪ್ಯಾಕೆಟ್ ನಷ್ಟದೊಡನೆ ಮತ್ತೊಮ್ಮೆ ಮಾಡುವುದು ಎಪಿಐ ಇಲ್ಲದೆ ಆಗುವ ಮಾತಲ್ಲ. ತಂತ್ರಾಂಶದವರ ಮುಂದೆ ಆ ಪಟ್ಟಿಯನ್ನು ಇಟ್ಟ ಮೇಲೆ ವಾದಕ್ಕೆ ಅವಕಾಶ ಉಳಿಯಲಿಲ್ಲ.

ಎಪಿಐ ಬಳಸುವವರು ಎಡವುವ ಜಾಗಗಳೂ ಇವೆ, ಅವೇ ಒಳ್ಳೆಯ ಪಾಠಗಳು. ನೋಡನ್ನು ಆರಂಭಿಸು ಎಂಬ ಕೋರಿಕೆಗೆ ಸರ್ವರ್ ತಕ್ಷಣವೇ ಆರಂಭವಾಯಿತೆಂದು ಉತ್ತರಿಸುತ್ತದೆ. ಆದರೆ ಅದು ಹೇಳುತ್ತಿರುವುದು ಎಮ್ಯುಲೇಟರ್‌ನ ಪ್ರಕ್ರಿಯೆ ಹುಟ್ಟಿತೆಂದು ಮಾತ್ರ, ಒಳಗಿನ ರೂಟರ್ ಬೂಟ್ ಆಗಿ ಆದೇಶ ಸ್ವೀಕರಿಸಲು ಸಿದ್ಧವಾಯಿತೆಂದಲ್ಲ. ಕನ್ಸೋಲ್‌ನಲ್ಲಿ ಪ್ರಾಂಪ್ಟ್ ಕಾಣುವವರೆಗೆ ಸ್ಕ್ರಿಪ್ಟ್ ಕಾಯಲೇಬೇಕು. ಲಿಂಕನ್ನು ತಡೆಹಿಡಿಯುವ ಕೋರಿಕೆಯೂ ಇಂಥದ್ದೇ: ಅದು ಪ್ಯಾಕೆಟ್‌ಗಳನ್ನು ಬೀಳಿಸುತ್ತದೆಯೇ ಹೊರತು ಸಾಮಾನ್ಯವಾಗಿ ರೂಟರಿನ ಇಂಟರ್ಫೇಸನ್ನು ಕೆಳಗಿಳಿಸುವುದಿಲ್ಲ. ಹಾಗಾಗಿ ಓಎಸ್‌ಪಿಎಫ್‌ಗೆ ತಂತಿ ಕಡಿದದ್ದು ಗೊತ್ತಾಗದೆ, ನೆರೆಯ ರೂಟರ್ ಆಗಾಗ ಕಳಿಸುವ ಹೆಲೊ ಸಂದೇಶ ಬಾರದಿರುವುದನ್ನು ನೋಡುತ್ತ, ಈಥರ್ನೆಟ್ ಮೇಲಿನ ಡೀಫಾಲ್ಟ್ ಡೆಡ್ ಇಂಟರ್ವಲ್ ಆದ 40 ಸೆಕೆಂಡ್ ಕಳೆದ ಮೇಲಷ್ಟೇ ನೆರೆಯ ರೂಟರನ್ನು ಕೈಬಿಡುತ್ತದೆ. ಐದು ಸೆಕೆಂಡಿಗೇ ಪಿಂಗ್ ಮಾಡಿ ಬದಲಿ ದಾರಿ ಕೆಲಸ ಮಾಡುತ್ತಿಲ್ಲವೆಂದು ಸೊನ್ನೆ ಅಂಕ ಕೊಡುವ ಸ್ಕ್ರಿಪ್ಟ್ ವಿದ್ಯಾರ್ಥಿಗೆ ಅನ್ಯಾಯ ಮಾಡುತ್ತದೆ. ಲಿನಕ್ಸ್‌ನ ಟಿಸಿ ಆದೇಶದೊಡನೆ ನೆಟೆಮ್ (ಲಿಂಕಿಗೆ ವಿಳಂಬ, ನಷ್ಟ ಸೇರಿಸುವ ಸಾಧನ) ಬಳಸುವವರೂ ಒಂದು ಸಂಗತಿ ಗಮನಿಸಬೇಕು: ಅದು ಸಾಮಾನ್ಯವಾಗಿ ಹೊರಹೋಗುವ ಪ್ಯಾಕೆಟ್‌ಗಳಿಗೆ ಮಾತ್ರ ಅನ್ವಯಿಸುವುದರಿಂದ, ಒಂದು ತುದಿಯಲ್ಲಿ 100 ಮಿಲಿಸೆಕೆಂಡ್ ಸೇರಿಸಿದರೆ ಪಿಂಗ್ ಸಮಯ ಏರುವುದು 100, ಎರಡೂ ತುದಿಯಲ್ಲಿ ಸೇರಿಸಿದರೆ 200.

ಹಣದ ಪ್ರಶ್ನೆಗೆ ಬಂದರೆ, ಜಿಎನ್‌ಎಸ್3, ಮಿನಿನೆಟ್, ನೆಟೆಮ್ ಯಾವುದಕ್ಕೂ ದುಡ್ಡು ಕೊಡಬೇಕಿಲ್ಲ. ಹಳೆಯ ಕಂಪ್ಯೂಟರುಗಳಲ್ಲಿ ಮೆಮೊರಿ ಸಾಲದು ಎಂಬ ಆಕ್ಷೇಪ ನಿಜವಾದರೂ, ಹತ್ತು ರೂಟರುಗಳ ಜಾಗದಲ್ಲಿ ಮೂರು ರೂಟರು, ಉಳಿದೆಡೆ ಒಂದೆರಡು ಎಂಬಿಯಲ್ಲಿ ಓಡುವ, ಸರಳ ಪಿಸಿಯಂತೆ ವರ್ತಿಸುವ ವಿಪಿಸಿಎಸ್ ಇಟ್ಟರೆ ಬಹುತೇಕ ಪ್ರಯೋಗಗಳು ಸಾಗುತ್ತವೆ. ಲೈಸೆನ್ಸ್ ಇಲ್ಲದ ಸಿಸ್ಕೊ ಇಮೇಜ್‌ಗಳು (ರೂಟರ್ ತಂತ್ರಾಂಶದ ಕಡತಗಳು) ಪೆನ್‌ಡ್ರೈವ್‌ನಲ್ಲಿ ಕೈಯಿಂದ ಕೈಗೆ ದಾಟುವ ರೂಢಿಯನ್ನು ಮಾತ್ರ ನಾನು ಒಪ್ಪಲಾರೆ. ಕಾನೂನಿನ ಮಾತು ಹಾಗಿರಲಿ, ಎಫ್‌ಆರ್‌ರೂಟಿಂಗ್‌ನಂಥ ಮುಕ್ತ ತಂತ್ರಾಂಶ ಓಎಸ್‌ಪಿಎಫ್, ಬಿಜಿಪಿ ಎಂಬ ಎರಡೂ ರೂಟಿಂಗ್ ನಿಯಮಾವಳಿಗಳನ್ನು ನಡೆಸುತ್ತಿರುವಾಗ, ಅದು ಕಂಟೇನರ್‌ನೊಳಗೆ ಬೇಗ ಎದ್ದು ನಿಲ್ಲುತ್ತಿರುವಾಗ, ಕದ್ದ ಇಮೇಜ್‌ನ ಅಗತ್ಯವಾದರೂ ಏನಿದೆ?

ಇದಕ್ಕಿಂತ ದೊಡ್ಡ ಚಿಂತೆ ಭದ್ರತೆಯದು. ಪ್ರಯೋಗಾಲಯವೊಂದರಲ್ಲಿ ಜಿಎನ್‌ಎಸ್3 ಸರ್ವರನ್ನು ಇಡೀ ಕ್ಯಾಂಪಸ್ ಜಾಲಕ್ಕೆ ತೆರೆದಿಟ್ಟು, ಪಾಸ್‌ವರ್ಡ್ ಇಲ್ಲದೆಯೇ ಓಡಿಸುತ್ತಿದ್ದುದನ್ನು ಕಂಡಿದ್ದೇನೆ. ಹಾಸ್ಟೆಲಿನಲ್ಲಿ ಕುಳಿತ ಯಾರು ಬೇಕಾದರೂ 3080ಕ್ಕೆ ಡಿಲೀಟ್ ಕೋರಿಕೆ ಕಳಿಸಿ ಇಡೀ ತರಗತಿಯ ಪ್ರಾಜೆಕ್ಟ್‌ಗಳನ್ನು ಅಳಿಸಬಹುದಿತ್ತು. ವರ್ಚುವಲ್ ಯಂತ್ರಗಳನ್ನು ಹುಟ್ಟಿಸಬಲ್ಲ ಇಂಟರ್ಫೇಸ್ ಕೈಗೆ ಸಿಕ್ಕವರಿಗೆ ಆ ಸರ್ವರ್ ಮೇಲೆ ಬಹಳಷ್ಟು ಹಿಡಿತ ಸಿಕ್ಕಂತೆಯೇ. ಎರಡನೆಯ ಆವೃತ್ತಿಯ ಸರ್ವರನ್ನು ಪ್ರತ್ಯೇಕವಾಗಿ ಓಡಿಸುವಾಗ ಬಳಕೆದಾರ ಹೆಸರು, ಪಾಸ್‌ವರ್ಡ್‌ಗಳನ್ನು ಕಾನ್ಫಿಗರೇಶನ್ ಕಡತದಲ್ಲಿ ನಾವೇ ಸಕ್ರಿಯಗೊಳಿಸಬೇಕು. ಮೂರನೆಯ ಆವೃತ್ತಿಯಲ್ಲಿ ಲಾಗಿನ್ ಆಗಿ ಟೋಕನ್ ಪಡೆದ ಮೇಲೆಯೇ ಪ್ರಾಜೆಕ್ಟ್‌ಗಳನ್ನು ಮುಟ್ಟಲು ಸಾಧ್ಯ. ಸರ್ವರ್ ಅದೇ ಕಂಪ್ಯೂಟರಿನಲ್ಲಿದ್ದರೆ 127.0.0.1 ವಿಳಾಸಕ್ಕೆ ಕಟ್ಟಿಹಾಕುವುದೇ ಕ್ಷೇಮ.

1951ರಲ್ಲಿಯೇ ಎಂಜಿನಿಯರಿಂಗ್ ಕಾಲೇಜು ಕಂಡ ಊರು ದಾವಣಗೆರೆ. ಇಲ್ಲಿಂದ ಬೆಂಗಳೂರಿಗೆ ಹೋಗುವ ಹುಡುಗ ಹುಡುಗಿಯರಿಗೆ ನೆಟ್‌ವರ್ಕ್ ಆಟೊಮೇಶನ್ ಬಲ್ಲಿರಾ ಎಂಬ ಪ್ರಶ್ನೆ ಸಂದರ್ಶನದಲ್ಲಿ ಎದುರಾಗುತ್ತದೆ. ಅದಕ್ಕಾಗಿ ಅವರು ಅಲ್ಲಿ ಸಾವಿರಾರು ರೂಪಾಯಿ ತೆತ್ತು ಕೋರ್ಸ್ ಸೇರುವುದೂ ಉಂಟು. ಅದೇ ವಿದ್ಯೆಯ ಮೊದಲ ಪಾಠ ನಮ್ಮ ಪ್ರಯೋಗಾಲಯಗಳ ಕಂಪ್ಯೂಟರುಗಳಲ್ಲಿಯೇ ಇನ್‌ಸ್ಟಾಲ್ ಆಗಿ ಕುಳಿತಿದೆ. ಪಠ್ಯಕ್ರಮ ಬದಲಾಗುವವರೆಗೆ ಕಾಯಬೇಕಿಲ್ಲ. ಮಿನಿ ಪ್ರಾಜೆಕ್ಟ್‌ನ ರೂಪದಲ್ಲಿ ಈ ಸೆಮಿಸ್ಟರ್‌ನಲ್ಲಿಯೇ ಆರಂಭಿಸುವ ಅಧಿಕಾರ ವಿಭಾಗದ ಮುಖ್ಯಸ್ಥರಿಗೆ ಇದೆ. ಮೊದಲು ಮೂರು ರೂಟರುಗಳ ತ್ರಿಕೋನವೊಂದನ್ನು ಸ್ಕ್ರಿಪ್ಟ್ ಮೂಲಕ ಕಟ್ಟಿಸಿ, ಒಂದು ಬದಿಯನ್ನು ಕಡಿದು, ಸಂಚಾರ ಇನ್ನೊಂದು ಬದಿಯಿಂದ ಸುತ್ತಿ ಬರುವುದಕ್ಕೆ ಎಷ್ಟು ಸೆಕೆಂಡ್ ಹಿಡಿಯಿತೆಂದು ಅಳೆಯಿಸಿದರೆ ಸಾಕು. ಹೆಲೊ ಅವಧಿ ಬದಲಿಸಿ ಅದನ್ನೇ ಮತ್ತೆ ಅಳೆಯುವ ಕುತೂಹಲ ಮಕ್ಕಳಿಗೆ ತಾನಾಗಿಯೇ ಬರುತ್ತದೆ.

ಯುಎಸ್‌ಎನ್‌ನಿಂದ ವಿಳಾಸ ಹಂಚುವ, ದೋಷ ಹಾಕುವ, ಅಂಕ ಎಣಿಸುವ ನನ್ನ ಸ್ಕ್ರಿಪ್ಟ್‌ಗಳನ್ನು ಎರಡೂ ಜಿಲ್ಲೆಗಳ ಯಾವ ಕಾಲೇಜಿಗಾದರೂ ಉಚಿತವಾಗಿ ಕೊಡಲು, ಬೇಕಾದರೆ ಒಂದು ಶನಿವಾರ ಬಂದು ನಡೆಸಿ ತೋರಿಸಲು ಸಿದ್ಧನಿದ್ದೇನೆ. ಆಸಕ್ತ ಅಧ್ಯಾಪಕರು ತಮ್ಮ ಪತ್ರಿಕಾ ಕಚೇರಿಯ ಮೂಲಕ ನನ್ನನ್ನು ಸಂಪರ್ಕಿಸಬಹುದು. ರೂಟರ್ ಇಮೇಜ್‌ಗಳನ್ನು ಮಾತ್ರ ನನ್ನಲ್ಲಿ ಕೇಳಬಾರದು.

ಇಂತಿ ತಮ್ಮ ವಿಶ್ವಾಸಿ,
ಸಹಕಾರ ಸಂಘವೊಂದರ ನೆಟ್‌ವರ್ಕ್ ನಿರ್ವಾಹಕ,
ದಾವಣಗೆರೆ